ಫ್ರೇಮಿನ ಬೋಲ್ಟ್ ತೂತಿನ ಥ್ರೆಡ್ ಹೋಗಿದೆ, ಹೇಗೆ ಸರಿ ಮಾಡುವುದು?

ಪ್ರಶ್ನೆ: ನನ್ನದು ಅಲ್ಯುಮಿನಿಯಂ ಫ್ರೇಮಿನ ಸೈಕಲ್. ಹಿಂದಿನ ಚಕ್ರದ ಆಕ್ಸಲ್ ಪಕ್ಕದಲ್ಲಿ ಕ್ಯಾರಿಯರ್ ಕಾಲು ಕೂರಿಸುವ ತೂತಿದೆಯಲ್ಲ, ಬಲಗಡೆಯ ತೂತಿನಲ್ಲಿ ಬೋಲ್ಟ್ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತದೆ. ಬಿಚ್ಚಿದಾಗ ಬೋಲ್ಟಿನ ಜೊತೆ ಬೆಳ್ಳಿ ಬಣ್ಣದ, ತೆಳು ತಂತಿಯಂಥ ಚೂರುಗಳು ಬಂದವು. ಮಡ್‌ಗಾರ್ಡಿನ ಕಡ್ಡಿಯೂ ಅದೇ ಬೋಲ್ಟಿನಲ್ಲಿದೆ. ಹತ್ತು-ಹದಿನೈದು ಕೆ.ಜಿ. ಸಾಮಾನು ಹೊರುತ್ತೇನೆ. ಒಬ್ಬ ಮೆಕ್ಯಾನಿಕ್ 6 ಮಿ.ಮೀ. ಬೋಲ್ಟ್ ಹಾಕೋಣ ಎಂದರು, ಇನ್ನೊಬ್ಬರು ವೆಲ್ಡ್ ಮಾಡಿಸಿ ಹೊಸದಾಗಿ ತೂತು ಹೊಡೆಸಿ ಎಂದರು. ಯಾವುದು ಸರಿ? ಬಾಟಲಿ ಹೋಲ್ಡರಿನ ಒಂದು ಬೋಲ್ಟ್ ಕೂಡ ಹೀಗೇ ಸುತ್ತುತ್ತಿದೆ. ಅದಕ್ಕೂ ಇದೇ ರಿಪೇರಿಯೇ?

ಉತ್ತರ: ಎರಡೂ ಬೇಡ. ವೆಲ್ಡಿಂಗ್ ಅಂತೂ ಖಂಡಿತ ಬೇಡ. 6 ಮಿ.ಮೀ. ಬೋಲ್ಟ್ ಬೇರೆ ಯಾವ ದಾರಿಯೂ ಇಲ್ಲದಾಗ ನೋಡೋಣ. ತೂತು ಈ ಕಡೆಯಿಂದ ಆ ಕಡೆಗೆ ತೂರಿಹೋಗುವಂಥದ್ದಾಗಿದ್ದರೆ ಉದ್ದದ ಬೋಲ್ಟ್ ಹಾಕಿ ಹಿಂದಿನಿಂದ ನಟ್ ಕೊಡಿ. ನಟ್ಟಿಗೆ ಜಾಗ ಇಲ್ಲದಿದ್ದರೆ ಹೆಲಿಕಾಯಿಲ್ (ತೂತಿನೊಳಗೆ ಹೊಸ ಥ್ರೆಡ್ ಆಗುವ ಸ್ಟೀಲ್ ತಂತಿಯ ಸುರುಳಿ) ಕೂರಿಸಿ. ಬಾಟಲಿ ಹೋಲ್ಡರಿನದು ಬೇರೆಯೇ ಕಾಯಿಲೆ, ಅದನ್ನು ಆಮೇಲೆ ಹೇಳುತ್ತೇನೆ.

ಫ್ರೇಮಿನ ತೂತಿನ ವಿಷಯದಲ್ಲಿ ರಿಪೇರಿ ಆರಿಸುವಾಗ ಮೊದಲು ಕೇಳಬೇಕಾದದ್ದು, ಇದಕ್ಕಾಗಿ ಫ್ರೇಮಿನಿಂದ ಎಷ್ಟು ಲೋಹ ತೆಗೆಯಬೇಕಾಗುತ್ತದೆ ಎಂದು. ಬೋಲ್ಟ್ ಹಾಳಾದರೆ ಇನ್ನೊಂದು ತರಬಹುದು. ಕ್ಯಾರಿಯರ್ ತೂತಿನ ಸುತ್ತ ಇರುವುದು ಕೆಲವೇ ಮಿಲಿಮೀಟರ್ ಅಲ್ಯುಮಿನಿಯಂ. ಅದನ್ನು ಕೊರೆದು ತೆಗೆದ ಮೇಲೆ ಮರಳಿ ಸೇರಿಸಲು ಆಗುವುದಿಲ್ಲ. ಆದ್ದರಿಂದ ಏನೂ ಕೊರೆಯದ ರಿಪೇರಿಯಿಂದ ಶುರು ಮಾಡಿ, ಅದು ಆಗದಿದ್ದರೆ ಮಾತ್ರ ಮುಂದಕ್ಕೆ ಹೋಗಬೇಕು.

ಮೊದಲು ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ತೂತಿನ ಸುತ್ತುಗಳು) ನಿಜವಾಗಿ ಎಷ್ಟು ಹೋಗಿದೆ ಎಂದು ನೋಡಿಕೊಳ್ಳಿ. ತೂತನ್ನು ಸೀಮೆಎಣ್ಣೆ ಹಾಕಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಇಲ್ಲಿ ಸಾಮಾನ್ಯವಾಗಿ ಇರುವುದು ಎಂ5 ಬೋಲ್ಟ್, ಅಂದರೆ 5 ಮಿ.ಮೀ. ದಪ್ಪ, ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 0.8 ಮಿ.ಮೀ. ದೂರ. ಫ್ರೇಮಿನಲ್ಲಿ ಈ ತೂತು ಇರುವ ಭಾಗವನ್ನು ಕಿವಿ ಎನ್ನೋಣ; 6 ಮಿ.ಮೀ. ದಪ್ಪದ ಕಿವಿಯಾದರೆ ಅದರಲ್ಲಿ ಏಳು ಸುತ್ತು ಇರಬೇಕು. ಹೊರಗಡೆಯ ಎರಡು-ಮೂರು ಸುತ್ತು ನುಣ್ಣಗಾಗಿ, ಒಳಗಿನವು ಚೂಪಾಗಿ ಕಾಣುತ್ತಿದ್ದರೆ ತೂತು ಪೂರ್ತಿ ಸತ್ತಿಲ್ಲ. ಕಣ್ಣಿಗೆ ಕಾಣದಿದ್ದರೆ ಗುಂಡುಸೂಜಿಯ ತುದಿಯನ್ನು ಗೋಡೆಗೆ ತಾಗಿಸಿ ಹೊರಗೆ ಎಳೆಯಿರಿ, ಸುತ್ತು ಇರುವಲ್ಲಿ ಟಕಟಕ ಎಂದು ಕೈಗೆ ಗೊತ್ತಾಗುತ್ತದೆ. ಹೊಸ ಎಂ5 ಬೋಲ್ಟ್ ಒಂದನ್ನು ಹಿಂದಿನ ಕಡೆಯಿಂದ ಬರಿಗೈಯಲ್ಲಿ ತಿರುಗಿಸಿ ನೋಡುವುದು ಇನ್ನೂ ಒಳ್ಳೆಯ ಪರೀಕ್ಷೆ. ಸಲೀಸಾಗಿ ಒಳಗೆ ಹೋಗಿ, ಅಲ್ಲಾಡಿಸಿದರೆ ಕಡಕಡ ಎನ್ನದೆ ನಿಂತರೆ ಆ ಕಡೆಯ ಸುತ್ತುಗಳು ಚೆನ್ನಾಗಿವೆ. ಆಗ ಎಂ5 ಟ್ಯಾಪನ್ನು (ಥ್ರೆಡ್ ಕೊರೆಯುವ ಉಪಕರಣ) ಹಿಂದಿನಿಂದಲೇ ಹಾಕಿ ಮುಂದಕ್ಕೆ ತಂದರೆ ಒಳ್ಳೆಯ ಸುತ್ತುಗಳು ಟ್ಯಾಪನ್ನು ನೇರವಾಗಿ ನಡೆಸಿಕೊಂಡು ಬಂದು, ಹೊರಗಿನ ಕೆಟ್ಟ ಸುತ್ತುಗಳನ್ನು ಸರಿ ಮಾಡುತ್ತವೆ. ಅಷ್ಟೇ ಸಾಕಾಗುವ ತೂತುಗಳು ಬಹಳ.

ಆದರೆ ನೀವು ಹೇಳಿದ ತಂತಿಯಂಥ ಚೂರು ಬೇರೆ ಕಥೆ ಹೇಳುತ್ತದೆ. ಅದು ಅಲ್ಯುಮಿನಿಯಂ ಥ್ರೆಡ್ಡೇ, ಬುಡದಿಂದ ಕತ್ತರಿಸಿಕೊಂಡು ಬೋಲ್ಟಿನ ಸಂದಿಯಲ್ಲಿ ಸುತ್ತಿಕೊಂಡು ಬಂದಿದೆ. ಹಾಗೆ ಬಂದಷ್ಟು ಉದ್ದದ ಥ್ರೆಡ್ ತೂತಿನಲ್ಲಿ ಇಲ್ಲ. ಟ್ಯಾಪ್ ಇದ್ದದ್ದನ್ನು ತಿದ್ದಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು.

ಅದು ಕಿತ್ತುಬರಲು ಕಾರಣವೂ ನಿಮ್ಮ ಪ್ರಶ್ನೆಯಲ್ಲೇ ಇದೆ ಅನ್ನಿಸುತ್ತದೆ: ಮಡ್‌ಗಾರ್ಡ್ ಕಡ್ಡಿ. ಕ್ಯಾರಿಯರ್ ಕಾಲಿನ ಪಟ್ಟಿ 5 ಮಿ.ಮೀ., ವಾಷರ್ 1 ಮಿ.ಮೀ. ಎಂದುಕೊಳ್ಳಿ. 12 ಮಿ.ಮೀ. ಬೋಲ್ಟಿನಲ್ಲಿ ಫ್ರೇಮಿನೊಳಗೆ ಹೋಗಲು 6 ಮಿ.ಮೀ. ಉಳಿಯುತ್ತದೆ, ಏಳು ಸುತ್ತು. ಆಮೇಲೆ ಯಾರೋ ಅದೇ ಬೋಲ್ಟಿಗೆ 2 ಮಿ.ಮೀ. ಕಡ್ಡಿಯನ್ನೂ ಇನ್ನೊಂದು ವಾಷರನ್ನೂ ಸೇರಿಸಿದರೆ ಉಳಿಯುವುದು 3 ಮಿ.ಮೀ., ನಾಲ್ಕು ಸುತ್ತು ಕೂಡ ಇಲ್ಲ. ಬೋಲ್ಟಿನ ತುದಿ ಮೊನಚಾಗಿರುವುದರಿಂದ ಅದರಲ್ಲೂ ಮೊದಲ ಸುತ್ತು ಲೆಕ್ಕಕ್ಕಿಲ್ಲ. ಅಲ್ಯುಮಿನಿಯಂನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಆಳಕ್ಕೆ ಥ್ರೆಡ್ ಹಿಡಿದಿದ್ದರೆ ನೆಮ್ಮದಿ, ಎಂ5ಗೆ 7.5 ಮಿ.ಮೀ. ಫ್ರೇಮಿನ ಕಿವಿ ಅಷ್ಟು ದಪ್ಪ ಇಲ್ಲದಿದ್ದರೆ, ಇರುವಷ್ಟು ದಪ್ಪವನ್ನೂ ಬಳಸಿಕೊಳ್ಳುವಷ್ಟು ಉದ್ದದ ಬೋಲ್ಟ್ ಬೇಕೇ ಬೇಕು. ರಿಪೇರಿ ಎಷ್ಟೇ ಚೆನ್ನಾಗಿ ಮಾಡಿ, ಹಳೆಯ ಗಿಡ್ಡ ಬೋಲ್ಟನ್ನೇ ಮತ್ತೆ ಹಾಕಿದರೆ ಮತ್ತೆ ಅದೇ ಗತಿ.

ಇನ್ನು ನಟ್ ಕೊಡುವ ರಿಪೇರಿ. ಇದರಲ್ಲಿ ಕೊರೆಯುವುದೇನೂ ಇಲ್ಲ. ಹೆಚ್ಚೆಂದರೆ ಉಳಿದ ಥ್ರೆಡ್ ತುಂಡುಗಳು ಅಡ್ಡ ಬಂದರೆ 5 ಮಿ.ಮೀ. ಡ್ರಿಲ್ ಬಿಟ್ ಆಡಿಸಿ ನಯ ಮಾಡಬೇಕು. ನಟ್ ಹಿಡಿಯುವುದರಿಂದ ಫ್ರೇಮಿನ ಥ್ರೆಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೊಂದರೆ ಇರುವುದು ಜಾಗದ್ದು. ಬಲಗಡೆ ಕಿವಿಯ ಒಳಮುಖಕ್ಕೆ ಹತ್ತಿರದಲ್ಲೇ ಅತಿ ಸಣ್ಣ ಹಲ್ಲುಚಕ್ರ ಮತ್ತು ಚೈನ್ ಇರುತ್ತವೆ. ಒಳಗೆ ನೈಲಾನ್ ಉಂಗುರ ಇರುವ ಎಂ5 ನೈಲಾಕ್ ನಟ್ಟಿನ ಎತ್ತರ ಸುಮಾರು 5 ಮಿ.ಮೀ., ಅದರಾಚೆ ಬೋಲ್ಟಿನ ತುದಿ ಒಂದೆರಡು ಸುತ್ತು ಹೊರಗೆ ಬರಲೇಬೇಕು, ಅಲ್ಲದಿದ್ದರೆ ನೈಲಾನ್ ಉಂಗುರ ಬೋಲ್ಟನ್ನು ಸರಿಯಾಗಿ ಕಚ್ಚುವುದಿಲ್ಲ. ಅಷ್ಟು ಉಬ್ಬು ಒಳಗಡೆ ಬಂದರೆ ಚೈನ್ ತಾಗಬಹುದು.

ಅದಕ್ಕೆ ಬೋಲ್ಟನ್ನೇ ತಿರುಗಿಸಿ ಹಾಕಿ. ತಲೆ ಒಳಗಡೆ, ನಟ್ ಹೊರಗಡೆ. ಆಲನ್ ಕೀ ಹಾಕುವ ಮಾಮೂಲಿ ದುಂಡು ತಲೆಯ ಎಂ5 ಬೋಲ್ಟಿನಲ್ಲಿ ತಲೆಯ ಎತ್ತರ 5 ಮಿ.ಮೀ., ಆದರೆ ಗುಮ್ಮಟದಂತೆ ಚಪ್ಪಟೆ ತಲೆಯ ಬಟನ್ ಹೆಡ್ ಬೋಲ್ಟಿನದು 2.75 ಮಿ.ಮೀ. ಮಾತ್ರ. ಬಹಳಷ್ಟು ಫ್ರೇಮುಗಳಲ್ಲಿ ಅದು ಹಿಡಿಸುತ್ತದೆ. ಚಕ್ರ ತೆಗೆದು ಬೋಲ್ಟನ್ನು ಒಳಗಿನಿಂದ ತೂರಿಸಿ, ಹೊರಗಡೆ ಕ್ಯಾರಿಯರ್ ಕಾಲು, ಕಡ್ಡಿ, ವಾಷರ್, ನೈಲಾಕ್ ನಟ್ ಕೂರಿಸಿ, 8 ಮಿ.ಮೀ. ಸ್ಪ್ಯಾನರಿನಿಂದ ಬಿಗಿ ಮಾಡಿ. ಚಕ್ರ ಹಾಕಿ, ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ತಂದು, ಪೆಡಲನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಬೋಲ್ಟಿನ ತಲೆಗೂ ಚೈನಿಗೂ ನಡುವೆ ಕಣ್ಣಿಟ್ಟು ನೋಡಿ. 3 ಮಿ.ಮೀ. ಅಂತರ ಕಂಡರೆ ಚೆನ್ನ. ಸ್ಟ್ಯಾಂಡ್ ಮೇಲೆ ತಾಗದ ಚೈನ್ ಹೊರೆ ಹೇರಿ ಕುಲುಕಿದಾಗ ತಾಗಬಹುದು, ಆದ್ದರಿಂದ ಕೂದಲೆಳೆಯ ಅಂತರವನ್ನು ನಂಬಬೇಡಿ. ಚಕ್ರ ತೆಗೆಯುವಾಗ, ಹಾಕುವಾಗ ಆ ತಲೆ ಅಡ್ಡ ಬರುತ್ತದೆಯೇ ಎಂದೂ ನೋಡಿಕೊಳ್ಳಿ, ದಾರಿಯಲ್ಲಿ ಪಂಚರ್ ಆದಾಗ ಅದು ಗೊತ್ತಾಗುವುದು ಬೇಡ.

ಇದು ಹಿಡಿಸಿದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು.

ಹಿಡಿಸದಿದ್ದರೆ ಹೆಲಿಕಾಯಿಲ್. ಇದು ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಪುಟ್ಟ ಸುರುಳಿ. ತಂತಿಯ ಹೊರಮೈ ಫ್ರೇಮಿನಲ್ಲಿ ಹೊಸದಾಗಿ ಕೊರೆದ ದೊಡ್ಡ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಮೈ ನಿಮ್ಮ ಎಂ5 ಬೋಲ್ಟಿಗೆ ಥ್ರೆಡ್ ಆಗುತ್ತದೆ. ಒಮ್ಮೆ ಕೂತರೆ ಅಲ್ಯುಮಿನಿಯಂನ ಮೂಲ ಥ್ರೆಡ್ಡಿಗಿಂತ ಗಟ್ಟಿ. ಪದೇ ಪದೇ ಬಿಚ್ಚಿ ಹಾಕಿದರೂ ಸವೆಯುವುದು ಕಡಿಮೆ.

ಬೇಕಾಗುವುದು ಎಂ5 × 0.8ರ ಹೆಲಿಕಾಯಿಲ್ ಕಿಟ್. ಅದರಲ್ಲಿ ಸುರುಳಿಗಳು, ಅದಕ್ಕೆಂದೇ ಇರುವ ಟ್ಯಾಪ್, ಕೂರಿಸುವ ಸಾಧನ ಇರುತ್ತವೆ, ಕೆಲವು ಕಿಟ್‌ಗಳಲ್ಲಿ ಡ್ರಿಲ್ ಬಿಟ್ಟೂ ಇರುತ್ತದೆ. ಇಲ್ಲದಿದ್ದರೆ 5.2 ಮಿ.ಮೀ. ಬಿಟ್ ಬೇರೆ ತೆಗೆದುಕೊಳ್ಳಿ. ಆ ಟ್ಯಾಪಿನ ಮೇಲೆ ಎಂ5 ಎಂದೇ ಬರೆದಿದ್ದರೂ ಅದು ಮಾಮೂಲಿ ಎಂ5 ಟ್ಯಾಪ್ ಅಲ್ಲ, ಅದರ ಹೊರ ಅಳತೆ 6 ಮಿ.ಮೀ.ಗಿಂತ ಒಂದಿಷ್ಟು ಹೆಚ್ಚು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಸುರುಳಿ 5, 7.5, 10 ಮಿ.ಮೀ. ಉದ್ದಗಳಲ್ಲಿ ಸಿಗುತ್ತದೆ. ಕಿವಿಯ ದಪ್ಪಕ್ಕಿಂತ ಕಡಿಮೆ ಉದ್ದದ್ದನ್ನು ಆರಿಸಿ: 6 ಮಿ.ಮೀ. ದಪ್ಪಕ್ಕೆ 5 ಮಿ.ಮೀ.; 8 ಮಿ.ಮೀ. ಅಥವಾ ಅದಕ್ಕೂ ಮೇಲಿನ ದಪ್ಪಕ್ಕೆ 7.5 ಮಿ.ಮೀ. ಉದ್ದ ಹೆಚ್ಚಾಗಿ ಹಿಂದೆ ಚಾಚಿದ ಸುರುಳಿಯ ತುದಿ ಯಾವುದಕ್ಕಾದರೂ ಸಿಕ್ಕಿ ಬಿಚ್ಚಿಕೊಳ್ಳುತ್ತದೆ.

ಕೊರೆಯುವ ಮೊದಲು ಕಿವಿಯ ಹೊರ ಅಳತೆಯನ್ನು ಕ್ಯಾಲಿಪರಿನಲ್ಲಿ ಹಿಡಿಯಿರಿ. 10 ಮಿ.ಮೀ. ಅಗಲದ ಕಿವಿಯಾದರೆ 6 ಮಿ.ಮೀ. ಥ್ರೆಡ್ ಹೊಡೆದ ಮೇಲೆ ಸುತ್ತಲೂ 2 ಮಿ.ಮೀ. ಗೋಡೆ ಉಳಿಯುತ್ತದೆ. ಅದು ಸಾಕು. 8 ಮಿ.ಮೀ. ಇದ್ದರೆ ಉಳಿಯುವುದು ಒಂದೇ ಮಿ.ಮೀ., 15 ಕೆ.ಜಿ. ಹೊರುವ ಕಾಲಿಗೆ ನಾನು ಅದನ್ನು ಒಪ್ಪುವುದಿಲ್ಲ. ಹಳೆಯ ತೂತು ನಡುವಿನಲ್ಲಿ ಇಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದರೆ ಅತಿ ತೆಳುವಾದ ಕಡೆಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಡ್ರಿಲ್ ನೇರವಾಗಿ ಹೋಗುವುದು. ತೂತು ಓರೆಯಾದರೆ ಟ್ಯಾಪೂ ಓರೆ, ಸುರುಳಿಯೂ ಓರೆ, ಬೋಲ್ಟಿನ ತಲೆ ಒಂದೇ ಅಂಚಿನಲ್ಲಿ ಒತ್ತುತ್ತದೆ, ಕೆಲವು ತಿಂಗಳಲ್ಲಿ ಬೋಲ್ಟ್ ಮುರಿಯುತ್ತದೆ. ಚಕ್ರ, ಕ್ಯಾರಿಯರ್, ಅಡ್ಡ ಬರುವ ಎಲ್ಲವನ್ನೂ ತೆಗೆದು, ಫ್ರೇಮನ್ನು ಮಲಗಿಸಿ, ಕಿವಿಯ ಮೇಲ್ಮೈ ನೆಲಕ್ಕೆ ಸಮವಾಗಿ ಇರುವಂತೆ ಮರದ ತುಂಡು ಕೊಟ್ಟು ಕಟ್ಟಿ. ಆಗ ಡ್ರಿಲ್ ನೆಟ್ಟಗೆ ಕೆಳಕ್ಕೆ ಹೋದರೆ ಸಾಕು. ಒಂದು ಸಣ್ಣ ಮೂಲೆಮಟ್ಟವನ್ನು ಎದುರಿಗೊಮ್ಮೆ, ಪಕ್ಕಕ್ಕೊಮ್ಮೆ ಹಿಡಿದು ಬಿಟ್ಟನ್ನು ಸರಿ ನೋಡಿ. ವೇಗ ಕಡಿಮೆ ಇರಲಿ, ಎರಡೂ ಕೈಯಲ್ಲಿ ಹಿಡಿಯಿರಿ. ಇರುವ ತೂತನ್ನೇ ಅಗಲ ಮಾಡುವಾಗ ಬಿಟ್ ಅಲ್ಯುಮಿನಿಯಂನಲ್ಲಿ ಸ್ಕ್ರೂವಿನಂತೆ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಡ್ರಿಲ್ಲನ್ನು ಒತ್ತುವ ಬದಲು ತುಸು ಹಿಂದಕ್ಕೆ ಹಿಡಿದಿರಬೇಕು. ಒಂದೆರಡು ಹನಿ ಸೀಮೆಎಣ್ಣೆ ಹಾಕಿ, ಅಲ್ಯುಮಿನಿಯಂ ಕೊರೆಯಲು ಅದು ಒಳ್ಳೆಯದು. ಸ್ಟೀಲ್ ಫ್ರೇಮಾದರೆ ಕಟಿಂಗ್ ಆಯಿಲ್ ಬೇಕು.

ಟ್ಯಾಪನ್ನು ಎರಡೂ ಕಡೆ ಹಿಡಿ ಇರುವ ಟ್ಯಾಪ್ ಹ್ಯಾಂಡಲಿನಲ್ಲೇ ತಿರುಗಿಸಿ. ಒಂದೇ ಕಡೆ ಹಿಡಿದು ಸ್ಪ್ಯಾನರಿನಲ್ಲಿ ತಿರುಗಿಸಿದರೆ ಓರೆ ಹೋಗುತ್ತದೆ, ಇಲ್ಲವೇ ಮುರಿಯುತ್ತದೆ. ತೂತಿನೊಳಗೆ ಮುರಿದ ಟ್ಯಾಪನ್ನು ಮಾಮೂಲಿ ಡ್ರಿಲ್ ಬಿಟ್ ಕೊರೆಯಲಾರದು, ಟ್ಯಾಪ್ ಅಷ್ಟು ಗಡುಸು. ಮೊದಲ ಎರಡು ಸುತ್ತು ಹೋದ ಮೇಲೆ ನಿಲ್ಲಿಸಿ ಮೂಲೆಮಟ್ಟ ಹಿಡಿದು ನೋಡಿ, ತಿದ್ದಲು ಅವಕಾಶ ಇರುವುದು ಅಲ್ಲಿ ಮಾತ್ರ. ಆಮೇಲೆ ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಹೀಗೆ ಹೋಗಿ. ಹಿಂದಕ್ಕೆ ತಿರುಗಿಸಿದಾಗ ಚೂರು ಕತ್ತರಿಸಿಕೊಂಡು ಬೀಳುತ್ತದೆ. ಕೈಗೆ ಜಿಗುಟು ಎನಿಸಿದರೆ ಬಲ ಹಾಕದೆ ಪೂರ್ತಿ ಹೊರಗೆ ತೆಗೆದು ಒರೆಸಿ, ಎಣ್ಣೆ ಹಾಕಿ ಮತ್ತೆ ಬಿಡಿ. ಟ್ಯಾಪಿನ ಮೊನಚು ಭಾಗ ಪೂರ್ತಿ ಆಚೆ ಬರುವವರೆಗೂ ತಿರುಗಿಸಬೇಕು, ಅಲ್ಲಿಯವರೆಗೆ ಥ್ರೆಡ್ ಪೂರ್ಣ ಅಳತೆಗೆ ಬಂದಿರುವುದಿಲ್ಲ. ಮುಗಿದ ಮೇಲೆ ತೂತನ್ನು ತೊಳೆದು ಒಣಗಿಸಿ. ಒಂದು ಚೂರು ಉಳಿದರೂ ಸುರುಳಿ ಅಲ್ಲಿಗೆ ಬಂದು ನಿಲ್ಲುತ್ತದೆ.

ಸುರುಳಿಯ ಒಂದು ತುದಿಯಲ್ಲಿ ತಂತಿ ಒಳಕ್ಕೆ ಬಾಗಿ ಸಣ್ಣ ನಾಲಿಗೆಯಾಗಿರುತ್ತದೆ. ಆ ನಾಲಿಗೆ ಮುಂದೆ ಇರುವಂತೆ ಸಾಧನಕ್ಕೆ ಏರಿಸಿ, ಒತ್ತದೆ ತಿರುಗಿಸಿ. ಸಾಧನ ನಾಲಿಗೆಯನ್ನು ಹಿಡಿದು ಎಳೆಯುತ್ತ ಹೋದಂತೆ ಸುರುಳಿ ತುಸು ಕಿರಿದಾಗಿ ಒಳಗಿಳಿಯುತ್ತದೆ, ಆಮೇಲೆ ಬಿರಿದು ಗೋಡೆಗೆ ಕಚ್ಚಿಕೊಳ್ಳುತ್ತದೆ. ಮಧ್ಯದಲ್ಲಿ ಹಿಂದಕ್ಕೆ ಮಾತ್ರ ತಿರುಗಿಸಬೇಡಿ. ನಾಲಿಗೆ ಸಾಧನದಿಂದ ಜಾರುತ್ತದೆ, ಸುರುಳಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲಿನ ತುದಿ ಕಿವಿಯ ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ಇಳಿದಾಗ ನಿಲ್ಲಿಸಿ. ಮೇಲ್ಮೈಗೆ ಸಮ ಬಿಟ್ಟರೆ ಬೋಲ್ಟ್ ಬಿಗಿಯುವಾಗ ಆ ತುದಿ ಮೇಲಕ್ಕೆದ್ದು ಕ್ಯಾರಿಯರ್ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಈಗ ಚಪ್ಪಟೆ ತುದಿಯ, ತೂತಿಗಿಂತ ಸ್ವಲ್ಪ ಸಣ್ಣ ಪಂಚನ್ನು ನಾಲಿಗೆಯ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಚುರುಕು ಏಟು ಕೊಡಿ. ತಂತಿಯಲ್ಲಿ ಅದಕ್ಕೆಂದೇ ಗೀರು ಇರುತ್ತದೆ, ಅಲ್ಲಿ ಕತ್ತರಿಸಿ ಬೀಳುತ್ತದೆ. ಬಿದ್ದ ತುಂಡನ್ನು ಹುಡುಕಿ ಎಸೆಯಿರಿ, ಅದು ಚೈನಿಗೋ ಫ್ರೇಮಿನೊಳಕ್ಕೋ ಹೋಗಬಾರದು.

6 ಮಿ.ಮೀ. ಬೋಲ್ಟ್ ಏಕೆ ಬೇಡ ಎಂದು ಈಗ ಹೇಳಬಹುದು. ಎಂ6 ಥ್ರೆಡ್ಡಿಗೆ 5 ಮಿ.ಮೀ. ಕೊರೆದು 6 ಮಿ.ಮೀ. ಟ್ಯಾಪ್ ಹೊಡೆಯಬೇಕು. ಅಂದರೆ ಫ್ರೇಮಿನಿಂದ ಹೋಗುವ ಲೋಹ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಿರುವಾಗ ಎಂ6ರಲ್ಲಿ ನಿಮಗೆ ಮತ್ತೆ ಸಿಗುವುದು ಅದೇ ಮೆತ್ತನೆಯ ಅಲ್ಯುಮಿನಿಯಂ ಥ್ರೆಡ್, ಹೆಲಿಕಾಯಿಲ್‌ನಲ್ಲಿ ಸ್ಟೀಲ್ ಥ್ರೆಡ್. ಎಂ6 ಹಾಕಿದರೆ ಕ್ಯಾರಿಯರ್ ಕಾಲಿನ ತೂತನ್ನೂ, ಮಡ್‌ಗಾರ್ಡ್ ಕಡ್ಡಿಯ ಉಂಗುರವನ್ನೂ ದೊಡ್ಡದು ಮಾಡಬೇಕು, ಅವುಗಳ ಅಂಚು ಮೊದಲೇ ಸಣ್ಣದು. ಹೆಲಿಕಾಯಿಲ್ ಕಿಟ್ ಎಲ್ಲೂ ಸಿಗದೆ, ಕಿವಿಯೂ ಅಗಲ ಇದ್ದರೆ ಎಂ6 ತಪ್ಪೇನಲ್ಲ. ಹಳೆಯ ತೂತಿಗೆ ಟ್ಯಾಪ್ ಹೊಡೆಯದೆ ದಪ್ಪ ಬೋಲ್ಟನ್ನು ಬಲವಂತವಾಗಿ ತುರುಕುವುದು ಮಾತ್ರ ದೊಡ್ಡ ತಪ್ಪು, ಕಿವಿ ಸೀಳುತ್ತದೆ.

ವೆಲ್ಡಿಂಗ್ ಬೇಡ ಎನ್ನಲು ಕಾರಣ ಶಾಖ. ಸೈಕಲ್ ಫ್ರೇಮುಗಳಲ್ಲಿ ಹೆಚ್ಚಾಗಿ ಬಳಸುವ 6061 ಅಲ್ಯುಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದು ವೆಲ್ಡ್ ಆದ ಮೇಲೆ ಇಡೀ ಫ್ರೇಮನ್ನು ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಹದ ಮಾಡುವುದರಿಂದ. ತಯಾರಾದ ಫ್ರೇಮಿಗೆ ಮತ್ತೆ ವೆಲ್ಡ್ ಮಾಡಿದರೆ ಸುತ್ತಲಿನ ಲೋಹ ಆ ಹದ ಕಳೆದುಕೊಂಡು ಮೆತ್ತಗಾಗುತ್ತದೆ, ಅದೂ ಹಿಂದಿನ ಚಕ್ರದ ಆಕ್ಸಲ್ ಕೂರುವ ಜಾಗದ ಪಕ್ಕದಲ್ಲೇ. ಒಂದು ಕ್ಯಾರಿಯರ್ ತೂತಿಗಾಗಿ ಫ್ರೇಮಿನ ಆ ಮೂಲೆಯನ್ನು ಪಣಕ್ಕಿಡಬಾರದು. ಸ್ಟೀಲ್ ಫ್ರೇಮಿನ ಮಾತು ಬೇರೆ. ಅದರಲ್ಲಿ ತೂತಿಗೆ ಹಿತ್ತಾಳೆ ಕರಗಿಸಿ ತುಂಬಿ (ಇದೇ ಬ್ರೇಜಿಂಗ್), ಹೊಸದಾಗಿ ಕೊರೆದು ಟ್ಯಾಪ್ ಹೊಡೆಯುವುದು ಒಳ್ಳೆಯ ರಿಪೇರಿಯೇ. ಬಣ್ಣ ಸುಡುತ್ತದೆ, ಅಷ್ಟೇ.

ಎಪಾಕ್ಸಿ ಅಂಟು ತುಂಬಿ ಅದರಲ್ಲೇ ಥ್ರೆಡ್ ಮೂಡಿಸುವವರೂ ಇದ್ದಾರೆ. ಮಡ್‌ಗಾರ್ಡ್ ಮಾತ್ರ ಹಿಡಿಯುವ ತೂತಿಗೆ ನಡೆಯುತ್ತದೆ. ಹೊರೆ ಹೊರುವ ಕ್ಯಾರಿಯರ್‌ಗೆ ಬೇಡ. ಕ್ಯಾರಿಯರಿನ ಭಾರ ಬಹುಪಾಲು ಇಳಿಯುವುದು ಕೆಳಗಿನ ಈ ಎರಡು ಬೋಲ್ಟುಗಳ ಮೇಲೆಯೇ, ಮೇಲಿನ ಕಡ್ಡಿಗಳು ಕ್ಯಾರಿಯರ್ ಹಿಂದೆ ಮುಂದೆ ವಾಲದಂತೆ ತಡೆಯುತ್ತವೆ. ಬೋಲ್ಟ್ ಬಿಗಿಯಾಗಿದ್ದಾಗ ಕಾಲಿನ ಪಟ್ಟಿ ಫ್ರೇಮಿಗೆ ಒತ್ತಿಕೊಂಡು, ಆ ಒತ್ತಡದ ಘರ್ಷಣೆಯೇ ಭಾರ ತಡೆಯುತ್ತದೆ. ಬಿಗಿ ಸಡಿಲಿತೋ, ಪಟ್ಟಿ ಪ್ರತಿ ಗುಂಡಿಗೂ ಬೋಲ್ಟನ್ನು ಬಾಗಿಸುತ್ತದೆ, ಲೋಹ ದಣಿದು ಒಂದು ದಿನ ಬೋಲ್ಟ್ ಕತ್ತರಿಸಿ ಹೋಗುತ್ತದೆ. ಎಪಾಕ್ಸಿ ಥ್ರೆಡ್ಡಿನಲ್ಲಿ ಆ ಬಿಗಿ ತರಲು ಹೋದರೆ ಥ್ರೆಡ್ಡೇ ಕಿತ್ತುಬರುತ್ತದೆ. ಸಡಿಲ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದು, ಬೋಲ್ಟನ್ನು ಅಂಟಿನಂತೆ ಹಿಡಿಯುವ ಬರೀ ಥ್ರೆಡ್‌ಲಾಕರ್ ಹಾಕುವುದು ಎರಡೂ ರಿಪೇರಿಯಲ್ಲ.

ಬಾಟಲಿ ಹೋಲ್ಡರಿಗೆ ಬರೋಣ. ಅಲ್ಯುಮಿನಿಯಂ ಫ್ರೇಮಿನ ಕೊಳವೆ ತೆಳು, ಅದರಲ್ಲಿ ನೇರವಾಗಿ ಥ್ರೆಡ್ ನಿಲ್ಲುವುದಿಲ್ಲ. ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ಇರುವುದು ರಿವೆಟ್ ನಟ್: ಒಳಗಡೆ ಉಬ್ಬಿಸಿ ಕೊಳವೆಯ ಗೋಡೆಗೆ ಕಚ್ಚಿಸಿದ ನಟ್. ಬೋಲ್ಟ್ ಸುತ್ತುವಾಗ ಕೊಳವೆಯ ಮೇಲೆ ಕಾಣುವ ಅದರ ಅಂಚನ್ನು ಗಮನಿಸಿ. ಅಂಚೂ ಜೊತೆಗೇ ಸುತ್ತುತ್ತಿದ್ದರೆ ಥ್ರೆಡ್ ಹೋಗಿಲ್ಲ, ನಟ್ಟಿನ ಹಿಡಿತ ಸಡಿಲಾಗಿದೆ. ಅದನ್ನು ಮತ್ತೆ ಉಬ್ಬಿಸಬಹುದು. 30 ಮಿ.ಮೀ. ಉದ್ದದ ಎಂ5 ಬೋಲ್ಟಿಗೆ ಮೊದಲು ಎಂ5 ನಟ್, ಆಮೇಲೆ ಗ್ರೀಸ್ ಹಚ್ಚಿದ ಎರಡು ದಪ್ಪ ವಾಷರ್ ಏರಿಸಿ. ಬೋಲ್ಟನ್ನು ರಿವೆಟ್ ನಟ್ಟಿನೊಳಕ್ಕೆ ಆರೇಳು ಸುತ್ತು ಬಿಟ್ಟು, ಆಲನ್ ಕೀಯಿಂದ ಬೋಲ್ಟ್ ತಿರುಗದಂತೆ ಹಿಡಿದು, ಮೇಲಿನ ನಟ್ಟನ್ನು ಸ್ಪ್ಯಾನರಿನಿಂದ ವಾಷರಿಗೆ ಒತ್ತಿ ಬಿಗಿಯುತ್ತ ಹೋಗಿ. ಬೋಲ್ಟ್ ಹೊರಕ್ಕೆ ಎಳೆಯುತ್ತದೆ, ಒಳಗಿನ ಭಾಗ ಮತ್ತೆ ಉಬ್ಬಿ ಕಚ್ಚುತ್ತದೆ. ಹಿಡಿತ ಬಂತು ಎನ್ನಿಸಿದ ತಕ್ಷಣ ನಿಲ್ಲಿಸಿ, ಇನ್ನೂ ಎಳೆದರೆ ಥ್ರೆಡ್ ಹೋಗುತ್ತದೆ.

ಅಂಚು ಸುತ್ತದೆ ಬೋಲ್ಟ್ ಮಾತ್ರ ಸುತ್ತುತ್ತಿದ್ದರೆ ನಟ್ಟಿನ ಥ್ರೆಡ್ ಹೋಗಿದೆ. ಅದರ ಗೋಡೆ ಹೆಲಿಕಾಯಿಲ್ ಹಿಡಿಯುವಷ್ಟು ದಪ್ಪ ಇರುವುದಿಲ್ಲ, ನಟ್ಟನ್ನೇ ಬದಲಿಸಬೇಕು. ಅಂಚನ್ನು ಮಾತ್ರ ಕೊರೆದು ತೆಗೆದು, ಉಳಿದದ್ದನ್ನು ಕೊಳವೆಯೊಳಕ್ಕೆ ತಳ್ಳಿ, ಸೀಟ್ ಪೋಸ್ಟ್ ಅಥವಾ ಪೆಡಲ್ ಆಕ್ಸಲಿನ ಕಡೆಯಿಂದ ಹೊರಗೆ ತೆಗೆಯಿರಿ. ಎಂ5 ರಿವೆಟ್ ನಟ್ಟಿಗೆ ಸಾಮಾನ್ಯವಾಗಿ 7 ಮಿ.ಮೀ. ತೂತು ಬೇಕು, ಬಿಟ್ ಅದಕ್ಕಿಂತ ದೊಡ್ಡದಾಗಬಾರದು. ಕಾರ್ಬನ್ ಫ್ರೇಮಿನಲ್ಲಿ ಈ ಕೊರೆಯುವ, ಎಳೆಯುವ ಕೆಲಸ ಯಾವುದನ್ನೂ ಮನೆಯಲ್ಲಿ ಮಾಡಬೇಡಿ.

ಇದೇ ಹೆಲಿಕಾಯಿಲ್‌ನಿಂದ ಡಿಸ್ಕ್ ಬ್ರೇಕಿನ ತೂತನ್ನೂ ಮಾಡಿಕೊಳ್ಳಬಹುದಲ್ಲ ಎಂದು ಕೇಳುವವರು ಬಹಳ. ಬ್ರೇಕ್ ಹಿಡಿಯುವ ಅಥವಾ ಹ್ಯಾಂಡಲ್ ಹಿಡಿಯುವ ತೂತನ್ನು ಅಭ್ಯಾಸಕ್ಕೆ ಆರಿಸಬೇಡಿ, ಡ್ರಿಲ್ಲನ್ನು ನೇರವಾಗಿ ಹಿಡಿದಿಡುವ ಸರಿಯಾದ ಜಿಗ್ ಇರುವ ವರ್ಕ್‌ಶಾಪಿಗೆ ಕೊಡಿ. ಪೆಡಲ್ ಆಕ್ಸಲ್ ಕೂರುವ ದೊಡ್ಡ ಥ್ರೆಡ್ ಕೂಡ ಹೀಗೆ ಸರಿಯಾಗುವುದಿಲ್ಲ. ಅಲ್ಲಿ ಎರಡು ಕಡೆಯ ಬೇರಿಂಗ್ ಕಪ್‌ಗಳು (ಬಟ್ಟಲಿನಂಥ ಭಾಗಗಳು) ಒಳಗೆ ಒಂದಕ್ಕೊಂದು ಥ್ರೆಡ್ ಆಗಿ ಫ್ರೇಮನ್ನು ನಡುವೆ ಹಿಡಿದುಕೊಳ್ಳುವ ಬಗೆಯ ಬಾಟಮ್ ಬ್ರಾಕೆಟ್ (ಪೆಡಲ್ ಆಕ್ಸಲ್ ತಿರುಗುವ ಬೇರಿಂಗ್ ಜೋಡಣೆ) ಹಾಕಿಸುವುದು ಸುಲಭ.

ಕ್ಯಾರಿಯರ್ ಮರಳಿ ಕೂರಿಸುವಾಗ ನಟ್ ಕೊಟ್ಟಿದ್ದರೂ, ಹೆಲಿಕಾಯಿಲ್ ಹಾಕಿದ್ದರೂ ಎಲ್ಲ ಪಟ್ಟಿ, ಕಡ್ಡಿ, ವಾಷರುಗಳನ್ನು ಜೋಡಿಸಿ ದಪ್ಪ ಅಳೆದು ಬೋಲ್ಟಿನ ಉದ್ದ ನಿರ್ಧರಿಸಿ. ಹೆಲಿಕಾಯಿಲ್‌ಗಾದರೆ ಆ ದಪ್ಪಕ್ಕೆ ಕಿವಿಯ ದಪ್ಪ ಸೇರಿಸಿ, ನಟ್ಟಿಗಾದರೆ ಅದರ ಜೊತೆ ನಟ್ಟಿನ ಎತ್ತರವನ್ನೂ ಹೊರಗೆ ಬರಬೇಕಾದ ಒಂದೆರಡು ಸುತ್ತನ್ನೂ ಸೇರಿಸಿ. ಸಾಧ್ಯವಿದ್ದರೆ ಮಡ್‌ಗಾರ್ಡ್ ಕಡ್ಡಿಗೆ ಬೇರೆ ತೂತು ಬಳಸಿ. ಇಲ್ಲದಿದ್ದರೆ ಕಡ್ಡಿ ಹೊರಗಡೆ, ಕ್ಯಾರಿಯರ್ ಕಾಲು ಫ್ರೇಮಿಗೆ ತಾಗಿ ಇರಲಿ, ಭಾರ ಫ್ರೇಮಿಗೆ ಹತ್ತಿರವಿದ್ದಷ್ಟೂ ಬೋಲ್ಟ್ ಬಾಗುವುದು ಕಡಿಮೆ. ಸ್ಟೇನ್‌ಲೆಸ್ ಬೋಲ್ಟ್ ಸ್ಟೇನ್‌ಲೆಸ್ ಸುರುಳಿಯಲ್ಲಿ ಒಣಗಿದ್ದರೆ ಉಜ್ಜಿಕೊಂಡು ಹಿಡಿದುಬಿಡುತ್ತದೆ, ಅದಕ್ಕೆ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕಿ. ಅದು ಹಸಿಯಿದ್ದಾಗ ಜಾರಿಸುತ್ತದೆ, ಒಣಗಿದ ಮೇಲೆ ಕುಲುಕಾಟಕ್ಕೆ ಸಡಿಲಾಗದಂತೆ ಹಿಡಿಯುತ್ತದೆ. ಮೊದಲ ಮೂರು ಸುತ್ತು ಬೆರಳಿನಲ್ಲೇ ಹೋಗಬೇಕು. ಆಮೇಲೆ 4ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು, ಬಾಟಲಿ ಹೋಲ್ಡರಿಗೆ 2ರಿಂದ 3.

ಹೊರೆ ಹೇರಿ ಒಂದೆರಡು ಸವಾರಿ ಆದ ಮೇಲೆ ಬಿಗಿಯನ್ನು ಒಮ್ಮೆ ನೋಡಿ, ಎಡಗಡೆಯ ಬೋಲ್ಟನ್ನೂ ಬಿಚ್ಚಿ ಅದರ ಉದ್ದ ಅಳೆಯಿರಿ, ಅದೂ ಅಷ್ಟೇ ಗಿಡ್ಡ ಇರುವ ಸಾಧ್ಯತೆ ಹೆಚ್ಚು. ಮುಂದೆ ಯಾವಾಗಲಾದರೂ ಬೋಲ್ಟ್ ಬಿಚ್ಚುವಾಗ ಸುರುಳಿಯೂ ಜೊತೆಗೇ ಹೊರಬಂದರೆ ಗಾಬರಿ ಬೇಡ. ಫ್ರೇಮಿನ ದೊಡ್ಡ ಥ್ರೆಡ್ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಬಂದ ಸುರುಳಿಯನ್ನು ಮತ್ತೆ ಬಳಸದೆ, ತೂತು ತೊಳೆದು ಅದೇ ಅಳತೆಯ ಹೊಸದನ್ನು ಕೂರಿಸಿ.